ಚೆನ್ನಿ ಇನ್ನೂ ಏರಿಯ ಮೇಲೆ ಕೂತಿದ್ದಾಳೆ

ಅಬ್ಬಾ,

ಮೊದಲೇ ಹೇಳಿಬಿಡುತ್ತೇನೆ, ಇದು ಮಾಫಿ ಕೇಳುವ ಪತ್ರ ಅಲ್ಲ. ನೀವು ಹೋಗಿ ನಾಲ್ಕು ವರ್ಷವಾಯಿತು, ಈಗಲಾದರೂ ಇವಳಿಗೆ ಬುದ್ಧಿ ಬಂದಿರಬಹುದು ಅಂದುಕೊಂಡು ಓದಲು ಕೂತಿದ್ದರೆ ನಿಮಗೆ ನಿರಾಸೆಯಾಗುತ್ತದೆ. ಬದುಕಿದ್ದಾಗ ನಿಮಗೆ ಉರ್ದು ಬಿಟ್ಟರೆ ಬೇರೆ ಓದಲು ಬರುತ್ತಿರಲಿಲ್ಲ. ಈಗ ನೀವಿರುವ ಕಡೆ ಆ ನೆಪ ನಡೆಯುವುದಿಲ್ಲ ಎಂದು ನನ್ನ ನಂಬಿಕೆ. ಅದಕ್ಕೇ ಬೇಕೆಂದೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮನೆಯಲ್ಲಿ ನಾವು ಆಡುತ್ತಿದ್ದದ್ದು ಉರ್ದು, ಅಂಗಡಿಯ ಕಟ್ಟೆ ಹತ್ತಿದ ಮೇಲೆ ಕನ್ನಡ. ಇವತ್ತು ನಾನು ಮಾತಾಡಬೇಕಾಗಿರುವುದು ಅಂಗಡಿಯ ವಿಷಯ.

ನಾನು ಮೊದಲ ಸಲ ನಿಮ್ಮ ಪಕ್ಕ ಕೆಲಸಕ್ಕೆ ಕೂತ ದಿನ ನೆನಪಿದೆಯೇ? ಆಗ ನಾನು ಮೂರನೇ ಕ್ಲಾಸು. ಗುಬ್ಬಿ ಬಸ್ ಸ್ಟ್ಯಾಂಡಿನ ಹಿಂದಿನ ಸಾಲಿನಲ್ಲಿದ್ದ ನಮ್ಮ ಬೈಂಡಿಂಗ್ ಅಂಗಡಿಯಲ್ಲಿ ಇದ್ದಿಲ ಒಲೆಯ ಮೇಲೆ ಮೈದಾ ಅಂಟು ಕುದಿಯುತ್ತಿತ್ತು. ಪುಸ್ತಕಕ್ಕೆ ಹುಳ ಬೀಳದಿರಲಿ ಎಂದು ನೀವು ಅದಕ್ಕೆ ಮೈಲುತುತ್ತ ಹಾಕಿ ಕದಡುತ್ತಿದ್ದಿರಿ. ಯಾವುದೋ ಹಳ್ಳಿ ಸ್ಕೂಲಿನಿಂದ ಒಂದು ಗೋಣಿಚೀಲದ ತುಂಬ ಮಕ್ಕಳ ಕಥೆಪುಸ್ತಕ ಬಂದಿತ್ತು. ರಟ್ಟು ಹೋಗಿ, ಹೊಲಿಗೆ ಬಿಚ್ಚಿ, ಹಾಳೆ ಹಾಳೆ ಬೇರೆಯಾಗಿ ಬಂದ ಪುಸ್ತಕಗಳು. ನೀವು ಒಂದು ಕಂತೆಯನ್ನು ಮಡಿಲಲ್ಲಿಟ್ಟುಕೊಂಡು ಹಾಳೆಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಿರಿ. ಆಮೇಲೆ ನನ್ನ ಕಡೆ ಚಾಚಿ, "ನೋಡ್ ಬೇಟಿ, ಇದರ ಮುಂದೆ ಯಾವ್ದು?" ಅಂದಿರಿ.

ಅಂಕಿಗಳು ನಿಮಗೆ ಗೊತ್ತಿದ್ದವು, ಬೈಂಡರಿಗೆ ಅಷ್ಟು ಸಾಕು. ಆದರೆ ಮಕ್ಕಳ ಪುಸ್ತಕಗಳಿಗೆ ಒಂದು ಕಾಯಿಲೆ ಇದೆ. ಬೆರಳಿಗೆ ಎಂಜಲು ಹಚ್ಚಿ ಮಗುಚಿ ಮಗುಚಿ ಹಾಳೆಯ ಕೆಳಗಿನ ಮೂಲೆ ಸವೆಯುತ್ತದೆ, ಕೊನೆಗೆ ಮೂಲೆಯೇ ಇರುವುದಿಲ್ಲ. ಪುಟದ ಅಂಕಿ ಇರುವುದೂ ಅದೇ ಮೂಲೆಯಲ್ಲಿ. ಮೂಲೆ ಹೋದ ಹಾಳೆಗಳನ್ನು ಸಾಲಾಗಿ ಜೋಡಿಸಬೇಕಾದರೆ ಓದಬೇಕು, ಬೇರೆ ದಾರಿ ಇಲ್ಲ. ಹಾಗೆ ನಾನು ನಿಮ್ಮ ಕಣ್ಣಾದೆ. ನಮ್ಮ ಮನೆಯಲ್ಲಿ ಕಥೆಪುಸ್ತಕ ಕೊಳ್ಳುವ ಮಾತೇ ಇರಲಿಲ್ಲ. ಆದರೂ ಗುಬ್ಬಿ ತಾಲ್ಲೂಕಿನಲ್ಲಿ ನನ್ನಷ್ಟು ಕಥೆ ಓದಿದ ಮಗು ಇನ್ನೊಂದಿರಲಿಲ್ಲ ಎಂದು ಈಗಲೂ ಎದೆ ತಟ್ಟಿ ಹೇಳುತ್ತೇನೆ.

ರಟ್ಟು ಕಿತ್ತುಹೋದ ಪುಸ್ತಕಗಳಿಗೆ ಹೆಸರೇ ಇರುತ್ತಿರಲಿಲ್ಲ. ಕೊಡೆ ಮಾರಲು ಸಂತೆಗೆ ಹೊರಟ ಆಮೆಯ ಕಥೆ ಇತ್ತಲ್ಲ, ಅದು ಸಂತೆ ಸೇರುವಷ್ಟರಲ್ಲಿ ಮಳೆಗಾಲ ಮುಗಿದು ಬೇಸಿಗೆ ಬಂದು ಜನ ನೆರಳಿಗೆಂದು ಕೊಡೆ ಕೊಳ್ಳುತ್ತಾರೆ. ಗಂಟಲು ಕಟ್ಟಿದ ಹುಂಜದಿಂದಾಗಿ ಇಡೀ ಊರು ಮಧ್ಯಾಹ್ನದವರೆಗೆ ಮಲಗಿದ ಕಥೆ ಕೇಳಿ ನೀವು ನಕ್ಕು ನಕ್ಕು ದಬ್ಬಣವನ್ನು ಬೆರಳಿಗೆ ಚುಚ್ಚಿಕೊಂಡಿರಿ. ನಾನು ಹಾಳೆ ಜೋಡಿಸುತ್ತಾ ಕಥೆ ಹೇಳಬೇಕು, ನೀವು ಹೊಲಿಯುತ್ತಾ ಕೇಳಬೇಕು. ನಾನು ಎಲ್ಲಾದರೂ ತಡೆದರೆ ದಬ್ಬಣವೂ ಅಲ್ಲೇ ನಿಲ್ಲುತ್ತಿತ್ತು. "ಆಮೇಲೆ?" ಎನ್ನುತ್ತಿದ್ದಿರಿ. ಕಥೆ ಮುಗಿದ ಮೇಲೆಯೇ ಪುಸ್ತಕದ ಬೆನ್ನಿಗೆ ಯಾವ ಬಣ್ಣದ ಕ್ಯಾಲಿಕೋ ಬಟ್ಟೆ ಎಂದು ತೀರ್ಮಾನ. ಆಮೆಗೆ ಹಸಿರು, ಹುಂಜಕ್ಕೆ ಹಳದಿ. ಕಥೆ ಕೇಳಿ ಬಣ್ಣ ಆರಿಸುವ ಬೈಂಡರ್ ತುಮಕೂರು ಜಿಲ್ಲೆಯಲ್ಲಿ ಇನ್ನೊಬ್ಬರಿದ್ದರೆ ಯಾರಾದರೂ ತೋರಿಸಲಿ.

ಹಾಳೆ ಕಳೆದುಹೋದ ಜಾಗಕ್ಕೆ ನೀವು ಖಾಲಿ ಹಾಳೆ ಸೇರಿಸಿ ಹೊಲಿಯುತ್ತಿದ್ದಿರಿ. ಇಲ್ಲದ ಹಾಳೆಗೆ ಯಾಕೆ ಜಾಗ ಎಂದು ಕೇಳಿದ್ದೆ. ಯಾರ ಹತ್ತಿರವಾದರೂ ಇನ್ನೊಂದು ಪುಸ್ತಕ ಸಿಕ್ಕರೆ ನೋಡಿ ಬರೆದುಕೊಳ್ಳಲಿ, ಬೈಂಡರ್ ಜಾಗ ಬಿಡದಿದ್ದರೆ ಆ ಕಥೆ ಶಾಶ್ವತವಾಗಿ ಕುಂಟಿದಂತೆ ಎಂದು ವಿವರಿಸಿದಿರಿ. ಅದು ನಿಮ್ಮ ಉಸ್ತಾದರು ಕಲಿಸಿದ ಪದ್ಧತಿಯಂತೆ. ಒಂಟಿ ಹಾಳೆಗೆ ಹೊಲಿಗೆ ನಿಲ್ಲುವುದಿಲ್ಲ, ಮಡಿಚಿದ ಜೋಡಿ ಹಾಳೆಯೇ ಹಾಕಬೇಕು ಎಂದೂ ಹೇಳಿಕೊಟ್ಟಿರಿ. ಆ ಪಾಠ ಎಲ್ಲಿಗೆ ಹೋಗಿ ಮುಟ್ಟಿತು ಎಂಬುದನ್ನು ಕೊನೆಗೆ ಹೇಳುತ್ತೇನೆ.

ನಾನು ಏಳನೇ ಕ್ಲಾಸಿಗೆ ಬಂದ ವರ್ಷ ನಿಮ್ಮಣ್ಣ, ನಮ್ಮ ಬಡೇ ಅಬ್ಬಾ, ತುಮಕೂರಿನಿಂದ ಬಂದು ಅಂಗಡಿಯಲ್ಲಿ ಕೂತರು. ಹುಡುಗಿ ದೊಡ್ಡವಳಾಗುತ್ತಿದ್ದಾಳೆ, ಬಸ್ ಸ್ಟ್ಯಾಂಡಿನ ಜನರ ಎದುರಿಗೆ ಕೂರಿಸಿದ್ದು ಸಾಕು, ಈ ವರ್ಷ ಮುಗಿದರೆ ಸ್ಕೂಲೂ ಸಾಕು ಎಂದರು. ನಾನು ಅಲ್ಲೇ ಇದ್ದೆ. ನೀವು ರಟ್ಟು ಕತ್ತರಿಸುತ್ತಿದ್ದಿರಿ. ಬೇಡ ಅನ್ನಲಿಲ್ಲ. ಇವಳಿಲ್ಲದೆ ಮೂಲೆ ಹೋದ ಪುಸ್ತಕ ಯಾರು ಓದುತ್ತಾರೆ ಅನ್ನಲಿಲ್ಲ. ರಟ್ಟಿನಿಂದ ಕಣ್ಣೆತ್ತದೆ ಒಮ್ಮೆ ತಲೆ ಆಡಿಸಿದಿರಿ, ಅಷ್ಟೇ. ಆ ತಲೆ ಆಡಿಸಿದ್ದನ್ನು ನಾನು ಇವತ್ತಿಗೂ ಮರೆತಿಲ್ಲ.

ನಿಟ್ಟೂರು ಕಡೆಯ ಸ್ಕೂಲಿನ ಚೀಲ ಬಂದದ್ದು ಅದೇ ವಾರ. ಅದರಲ್ಲಿ ಚೆನ್ನಿಯ ಪುಸ್ತಕ ಇತ್ತು. ಕುರಿ ಮೇಯಿಸುವವರ ಮಗಳು ಚೆನ್ನಿ. ಮನೆಯ ಮುಂದಿನ ಕಾಲುವೆಯಲ್ಲಿ ದಿನಾ ಹರಿಯುವ ನೀರು ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ಯಾರಿಗೂ ಹೇಳಲು ಪುರುಸೊತ್ತಿಲ್ಲ. ಒಂದು ಬೆಳಿಗ್ಗೆ ಅವಳು ರೊಟ್ಟಿ ಕಟ್ಟಿಕೊಂಡು ಕಾಲುವೆ ಹಿಡಿದು ಮೇಲಕ್ಕೆ ನಡೆಯುತ್ತಾಳೆ. ದಾರಿ ತಪ್ಪಿದ ಎಮ್ಮೆಯನ್ನು ಮನೆಗೆ ಮುಟ್ಟಿಸುತ್ತಾಳೆ, ಕಾಲು ಕುಂಟುವ ಅಜ್ಜಿಗೆ ಅರ್ಧ ರೊಟ್ಟಿ ಕೊಡುತ್ತಾಳೆ. ಸಂಜೆ ಬಿಸಿಲಿಗೆ ಏರಿ ಹತ್ತಿ ನೋಡಿದರೆ ಎದುರಿಗೆ ನೀರೇ ನೀರು. ಅಷ್ಟು ದೊಡ್ಡ ಕೆರೆ ಇದೆಯೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ನಾನು ಅಲ್ಲಿಯವರೆಗೆ ಹೇಳಿದಾಗ ನಿಮ್ಮ ದಬ್ಬಣ ಗಾಳಿಯಲ್ಲಿ ನಿಂತಿತ್ತು.

"ಆಮೇಲೆ?" ಅಂದಿರಿ.

ನಾನು ಮನಸ್ಸಿನಲ್ಲೇ ಮುಂದಿನ ಹಾಳೆ ಓದಿದೆ. ಚೆನ್ನಿಯ ಕಾಲು ಜಾರುತ್ತದೆ. ನೀರಿಗೆ ಬಿದ್ದವಳನ್ನು ಮೀನು ಹಿಡಿಯುವವನೊಬ್ಬ ಜುಟ್ಟು ಹಿಡಿದು ಎಳೆಯುತ್ತಾನೆ. ಮನೆಯಲ್ಲಿ ಅಮ್ಮ ಬರೆ ಹಾಕುತ್ತಾಳೆ. ಚೆನ್ನಿ ಕಿವಿ ಹಿಡಿದು, ಇನ್ನು ಮೇಲೆ ಹೊಸಿಲು ದಾಟುವುದಿಲ್ಲ, ಯಾರನ್ನೂ ಏನನ್ನೂ ಕೇಳುವುದಿಲ್ಲ ಎಂದು ಆಣೆ ಮಾಡುತ್ತಾಳೆ. ಕೆಳಗೆ ದಪ್ಪಕ್ಷರದಲ್ಲಿ ಹೆಣ್ಣುಮಕ್ಕಳಿಗೆ ನೀತಿ ಬೇರೆ. ಅಷ್ಟು ದೂರ ನಡೆಸಿಕೊಂಡು ಹೋಗಿ, ಅಷ್ಟು ದೊಡ್ಡ ನೀರು ತೋರಿಸಿ, ಕೊನೆಗೆ ಇದಾ? ನನಗೆ ಬಡೇ ಅಬ್ಬಾರ ದನಿಯೇ ಆ ಹಾಳೆಯಿಂದ ಕೇಳಿದ ಹಾಗಾಯಿತು. ಹಾಳೆಯನ್ನು ತೊಡೆಯ ಕೆಳಗೆ ಸೇರಿಸಿ, ಇಷ್ಟೇ ಅಬ್ಬಾ, ಮುಂದಿನ ಹಾಳೆ ಬಂದಿಲ್ಲ ಎಂದೆ. ನೀವು ನಂಬಿದಿರಿ. ನನ್ನ ಓದನ್ನು ನೀವು ಯಾವತ್ತು ನಂಬಲಿಲ್ಲ ಹೇಳಿ.

ಅವತ್ತು ಕಳೆದ ಹಾಳೆಯ ಜಾಗಕ್ಕೆ ನೀವು ಒಂದಲ್ಲ, ಎರಡು ಜೋಡಿ ಖಾಲಿ ಹಾಳೆ ಇಟ್ಟಿರಿ. ಇಷ್ಟು ದೂರ ನಡೆದವಳ ಕಥೆ ಒಂದು ಹಾಳೆಯಲ್ಲಿ ಮುಗಿದಿರಲಾರದು ಎಂದು ನಿಮ್ಮ ಲೆಕ್ಕ. ಆಮೇಲೆ ಬಟ್ಟೆಯ ಸುರುಳಿಗಳನ್ನು ಮುಟ್ಟಿ ನೋಡುತ್ತಾ, "ಇವ್ಳಿಗೆ ಕೆಂಪು ಹಾಕಣ. ಧೈರ್ಯವಂತೆ" ಅಂದಿರಿ. ಈ ಮಾತನ್ನು ನೀವು ಮರೆತಿರಬಹುದು, ನಾನು ಮರೆತಿಲ್ಲ. ನನ್ನ ಪರವಾಗಿರುವ ಸಾಕ್ಷಿ ಅದೊಂದೇ. ನೀವು ನೀರು ತರಲು ಎದ್ದು ಹೋದಾಗ ಆ ಹಾಳೆಯನ್ನು ಅಂಟಿನ ಒಲೆಗೆ ಹಾಕಿದೆ. ಉರಿದುಹೋಯಿತು.

ಪುಸ್ತಕಗಳು ಹೋದ ಎಂಟನೇ ದಿನಕ್ಕೆ ನಿಟ್ಟೂರಿನ ಮೇಷ್ಟ್ರು ಬಂದರು. ಕೆಂಪು ಬೆನ್ನಿನ ಪುಸ್ತಕವನ್ನು ಕಟ್ಟೆಯ ಮೇಲೆ ಬಡಿದರು. ತಾವೇ ಎಲ್ಲಾ ಹಾಳೆ ನೋಡಿ ಕಳಿಸಿದ್ದು, ನೀತಿ ಇದ್ದ ಹಾಳೆಯೇ ಹೋದರೆ ಪುಸ್ತಕ ಯಾಕೆ ಎಂದು ಕೇಳಿದರು. ಬಸ್ಸಿಗೆ ಕಾಯುತ್ತಿದ್ದ ಜನ ತಿರುಗಿ ನೋಡುತ್ತಿದ್ದರು. ನೀವು ಒಂದೇ ಒಂದು ಸಲ ನನ್ನ ಕಡೆ ನೋಡಿದಿರಿ. ನಾನು ನೆಲ ನೋಡುತ್ತಿದ್ದೆ. ನಿಮಗೆ ಆಗಲೇ ತಿಳಿಯಿತು, ಅಲ್ಲವೇ?

"ನನ್ ಕೈತಪ್ಪು ಸ್ವಾಮಿ" ಅಂದಿರಿ.

"ಕೈತಪ್ಪಲ್ಲ ಸಾಬ್ರೇ. ಓದಕ್ ಬರ್ದವ್ರ ಕೈಗೆ ಪುಸ್ತಕ ಕೊಟ್ವಲ್ಲ, ಅದು ನಮ್ ತಪ್ಪು" ಅಂದು ಅವರು ಕಟ್ಟೆ ಇಳಿದರು. ಆ ಸ್ಕೂಲಿನ ಚೀಲ ಮತ್ತೆ ಬರಲಿಲ್ಲ. ಮಾತು ಹಬ್ಬಿ ಇನ್ನೆರಡು ಸ್ಕೂಲುಗಳೂ ನಿಂತವು.

ಅವತ್ತು ಅಂಗಡಿ ಮುಚ್ಚುವ ಮೊದಲು ನೀವು ಕೇಳಿದ್ದು ಒಂದೇ ಪ್ರಶ್ನೆ, ಆ ಹಾಳೆಯಲ್ಲಿ ಏನಿತ್ತು? ನಾನು ಪೂರ್ತಿ ಹೇಳಿದೆ, ಬರೆಯನ್ನೂ ಆಣೆಯನ್ನೂ ಬಿಡದೆ. ನೀವು ಅಂಟಿನ ಪಾತ್ರೆ ತೊಳೆಯುತ್ತಾ ಕೇಳಿದಿರಿ. ಹಾಳೆ ಎಲ್ಲಿ ಎಂದಾಗ ಒಲೆ ತೋರಿಸಿದೆ. ನಿಮ್ಮ ಮುಖ ಹಾಗೆ ಆದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. "ನಾವು ಹೊಲಿಯೋರು ಬೇಟಿ" ಅಂದಿರಿ, "ಒಳಗಡೆ ಏನೈತೋ ಅದು ನಮ್ದಲ್ಲ. ಹೋಗಿ ಮೇಷ್ಟ್ರಿಗೆ ಹೇಳ್ಬುಟ್ಟು ಬಾ." ನಾನು, ಆ ಹಾಳೆ ತಪ್ಪು ಅಂತ ಮೊದಲು ಅವರು ಹೇಳಲಿ, ಆಮೇಲೆ ನಾನು ಹೇಳುತ್ತೇನೆ ಎಂದೆ. ಹನ್ನೆರಡು ವರ್ಷದ ಹುಡುಗಿ, ಎಷ್ಟು ಕೊಬ್ಬು ನೋಡಿ. ಹೊಡೆಯುತ್ತೀರಿ ಅಂದುಕೊಂಡೆ. ಹೊಡೆಯಲಿಲ್ಲ.

ಮಾರನೇ ಭಾನುವಾರ ಬಡೇ ಅಬ್ಬಾ ಬಂದಾಗ ನೀವು ಕೊಟ್ಟ ತೀರ್ಪು ನನಗೆ ಈಗಲೂ ಒಗಟು. ಇವಳು ಇನ್ನು ಅಂಗಡಿಗೆ ಬರುವುದಿಲ್ಲ, ಹೈಸ್ಕೂಲಿಗೆ ಹೋಗುತ್ತಾಳೆ ಎಂದಿರಿ. ಅವರಿಗೆ ಅರ್ಧ, ನನಗೆ ಅರ್ಧ. ಓದಕ್ಕೆ ಬರದವರು ಎಂಬ ಮಾತು ನಿಮ್ಮನ್ನು ಅಷ್ಟು ಚುಚ್ಚಿತೇ? ಅಥವಾ ಆ ಹಾಳೆಯಲ್ಲಿ ನಿಮಗೂ ನಿಮ್ಮಣ್ಣನ ದನಿ ಕೇಳಿಸಿತೇ? ಕೇಳಬೇಕೆಂದು ಎಷ್ಟು ಸಲ ಬಾಯಿ ತೆರೆದೆನೋ... ಸ್ಕೂಲು ಸಿಕ್ಕಿತು, ಕಥೆಗಳು ಹೋದವು. ನೀವೂ ಮೂಲೆ ಹೋದ ಪುಸ್ತಕಗಳನ್ನು ಆಮೇಲೆ ಮುಟ್ಟಲಿಲ್ಲ. ಓದುವವರಿಲ್ಲ ಎಂದು ಹೇಳಿ ಕಳಿಸಿಬಿಡುತ್ತಿದ್ದಿರಿ. ಆಫೀಸಿನ ರಿಜಿಸ್ಟರುಗಳು ಮಾತ್ರ, ಎಲ್ಲದಕ್ಕೂ ಒಂದೇ ಕಪ್ಪು ಬಟ್ಟೆ. ನನ್ನ ಮೇಲೆ ನೀವು ತೀರಿಸಿಕೊಂಡ ಸೇಡು ಅದೊಂದೇ. ಅದು ಸಾಕಾಗಿತ್ತು.

ಪ್ರತಿ ರಂಜಾನ್ ಹಬ್ಬದ ಬೆಳಿಗ್ಗೆ ನಮಾಜ್ ಮುಗಿಸಿ ಬಂದು, ಅಮ್ಮಿ ಕೊಟ್ಟ ಶೀರ್ ಖುರ್ಮಾ ಕುಡಿಯುತ್ತಾ ನೀವು ಕೇಳುತ್ತಿದ್ದಿರಿ, ನಿಟ್ಟೂರಿಗೆ ಹೋಗಿ ಬಂದೆಯಾ? ನಾನು ಇಲ್ಲ ಎನ್ನುತ್ತಿದ್ದೆ. ನೀವು ಬಟ್ಟಲು ಕೆಳಗಿಟ್ಟು ಹೊಸ ಬಟ್ಟೆ ಚೆನ್ನಾಗಿದೆ ಎನ್ನುತ್ತಿದ್ದಿರಿ. ಎಂಟು ಹಬ್ಬ ಹೀಗೇ ಕಳೆದವು. ನಾನು ಟಿ.ಸಿ.ಎಚ್. ಟೀಚರ್ ಟ್ರೈನಿಂಗ್ ಮುಗಿಸುವ ವರ್ಷ ತುಮಕೂರಿನ ಆಸ್ಪತ್ರೆಯಲ್ಲಿ ನಿಮಗೆ ಕಿತ್ತಳೆ ಬಿಡಿಸಿ ಕೊಡುತ್ತಿದ್ದೆ. ಮಾತಾಡಲು ಉಸಿರು ಸಾಲದೆ ಇದ್ದರೂ ಅದನ್ನೇ ಕೇಳಿದಿರಿ. ಸುಳ್ಳು ಹೇಳಬಹುದಿತ್ತು. ಹೂಂ ಅಬ್ಬಾ, ಹೋಗಿ ಬಂದೆ ಎಂದಿದ್ದರೆ ನೀವು ನೆಮ್ಮದಿಯಾಗಿ... ಇಲ್ಲ ಎಂದೆ. ನಿಮಗೆ ಒಂದು ಸಲ ಸುಳ್ಳು ಹೇಳಿ ಆಗಿತ್ತು, ಎರಡನೇ ಸಲ ಬೇಡ ಅನಿಸಿತು. ನೀವು ಕಣ್ಣು ಮುಚ್ಚಿ ನಕ್ಕಿರಿ. ಆ ನಗುವಿನ ಅರ್ಥವನ್ನು ನನಗೆ ಹೇಳದೆ ಹೋದದ್ದು ನ್ಯಾಯವಲ್ಲ.

ನನಗೆ ಕುಣಿಗಲ್ ತಾಲ್ಲೂಕಿನಲ್ಲಿ, ಮಾರ್ಕೋನಹಳ್ಳಿ ಡ್ಯಾಮಿನ ಕಾಲುವೆ ಹಾಯುವ ಹಳ್ಳಿಯೊಂದರ ಸ್ಕೂಲಿನಲ್ಲಿ ಕೆಲಸ ಸಿಕ್ಕಿದ್ದು ನಿಮಗೆ ಗೊತ್ತಿಲ್ಲ. ಅಲ್ಲಿ ಹೋದ ಮೊದಲ ದಿನವೇ ಒಂದು ಕಬ್ಬಿಣದ ಪೆಟ್ಟಿಗೆ ನೋಡಿದೆ. ಅದರ ತುಂಬ ಮಕ್ಕಳ ಪುಸ್ತಕ, ಒಂದರ ಮೂಲೆಯೂ ಸವೆದಿಲ್ಲ. ಹೆಡ್ ಮಾಸ್ಟರು ಬೀಗದ ಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡಿದ್ದರು. ಮಕ್ಕಳು ಹರಿದು ಹಾಕಿದರೆ ಇನ್ಸ್‌ಪೆಕ್ಟರಿಗೆ ಏನು ತೋರಿಸುವುದು ಎಂದರು. ಹರಿದರೆ ನಾನು ಹೊಲಿಯುತ್ತೇನೆ, ನಾನು ಬೈಂಡರ್ ಮಗಳು ಎಂದೆ. ಅವರು ನಂಬಲಿಲ್ಲ. ಮಾರನೇ ದಿನ ನಿಮ್ಮ ದಬ್ಬಣ, ದಾರ, ಮೇಣದ ಉಂಡೆ ತಂದು ಅವರ ಮೇಜಿನ ಮೇಲೆ ಇಟ್ಟೆ. ಒಂದು ತಿಂಗಳು ಜಗಳವಾಡಿದ ಮೇಲೆ ಬೀಗ ತೆಗೆದರು. ಈಗ ಊರಿಗೆ ಟಿವಿ ಬಂದಿದೆ ಅಬ್ಬಾ, ಭಾನುವಾರ ಬೆಳಿಗ್ಗೆ ಬೀದಿಯಲ್ಲಿ ಒಂದು ನಾಯಿಯೂ ಇರುವುದಿಲ್ಲ. ಆದರೂ ನನ್ನ ಪೆಟ್ಟಿಗೆಯ ಪುಸ್ತಕಗಳಿಗೆ ಮೂಲೆ ಉಳಿದಿಲ್ಲ.

ಪೆಟ್ಟಿಗೆಯಲ್ಲಿ ಇಲ್ಲದ ಕಥೆಗಳನ್ನು ನಾನು ಬಾಯಲ್ಲೇ ಹೇಳುತ್ತೇನೆ, ಆಮೆ, ಹುಂಜ ಎಲ್ಲಾ. ಈ ವರ್ಷ ನಾಲ್ಕನೇ ಕ್ಲಾಸಿಗೆ ಚೆನ್ನಿಯ ಕಥೆ ಹೇಳಿದೆ, ಏರಿ ಹತ್ತುವವರೆಗೆ. ಮುಂದೇನು ಮಿಸ್ ಎಂದು ರತ್ನಿ ಕೇಳಿದಳು. ರತ್ನಿ ಎಂದರೆ ಮೊದಲ ಸಾಲಿನಲ್ಲಿ ಕೂರುವ, ಯಾವುದನ್ನೂ ಸುಮ್ಮನೆ ಒಪ್ಪದ ಒಂಬತ್ತು ವರ್ಷದ ಹುಡುಗಿ. ಅಷ್ಟೇ ಎಂದೆ. ಮಾರನೇ ದಿನ ಅವಳ ಜಾಗ ಖಾಲಿ ಇತ್ತು. ನಾನು ಹೇಳಿ ಕಳಿಸಿದ್ದಕ್ಕೆ ಹತ್ತು ಗಂಟೆಗೆ ಅವಳ ಅಪ್ಪ ಬಂದು, ಮಗಳು ಬೆಳಿಗ್ಗೆಯೇ ಸ್ಕೂಲಿಗೆಂದು ಹೊರಟಳಲ್ಲ ಎಂದರು. ಪಕ್ಕದ ಹುಡುಗಿ ಮೆಲ್ಲಗೆ, ಕಾಲುವೆ ಹಿಡಿದು ಹೋದಳು ಮಿಸ್, ರೊಟ್ಟಿ ಕಟ್ಟಿಕೊಂಡಿದ್ದಳು ಎಂದಳು.

ಅಬ್ಬಾ, ನಾನು ಓಡಿದೆ. ಕಾಲುವೆಯ ದಂಡೆಯ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು, ರತ್ನಿಯ ಅಪ್ಪನ ಹಿಂದೆ ಓಡಿದೆ. ನೀರು ತುಂಬಿ ಹರಿಯುತ್ತಿತ್ತು. ಹನ್ನೆರಡು ವರ್ಷ ನೆನೆಸಿಕೊಳ್ಳದ ಆ ಹಾಳೆ ಅಕ್ಷರ ಅಕ್ಷರವಾಗಿ ಕಣ್ಣ ಮುಂದೆ ಬಂತು. ಕಾಲು ಜಾರಿತು, ಜುಟ್ಟು ಹಿಡಿದು ಎಳೆದರು. ಹಾಳೆ ಬರೆದವನು ಸರಿ, ನಾನು ಕೊಲೆಗಾರ್ತಿ ಎಂದೇ ಅನಿಸಿತು. ಎಲ್ಲವನ್ನೂ ನಿಮ್ಮಿಂದ ಮುಚ್ಚಿಡುವುದಿಲ್ಲ ಎಂದು ಇದನ್ನೂ ಬರೆಯುತ್ತಿದ್ದೇನೆ. ಆ ಒಂದು ಗಂಟೆ ನಾನು ಸೋತಿದ್ದೆ.

ರತ್ನಿ ಡ್ಯಾಮಿನ ಮೇಲೆ ಗೋಡೆಗೆ ಒರಗಿ ಕೂತು ರೊಟ್ಟಿ ತಿನ್ನುತ್ತಿದ್ದಳು. ಅವಳ ಅಪ್ಪ ಕೈ ಎತ್ತಿದವರು ಹಾಗೇ ಇಳಿಸಿ ಅವಳನ್ನು ತಬ್ಬಿಕೊಂಡರು. ಅವಳು ನನ್ನ ಕಡೆ ನೋಡಿ, "ಮಿಸ್, ಎಷ್ಟ್ ದೊಡ್ಡದೈತೆ ಗೊತ್ತಾ? ನೀವು ಕಮ್ಮಿ ಹೇಳಿದ್ರಿ" ಅಂದಳು. ಹೆಡ್ ಮಾಸ್ಟರು ಇನ್ನು ಕಥೆ ಹೇಳಕೂಡದು, ಪೆಟ್ಟಿಗೆಗೆ ಬೀಗ ಎಂದು ಆಜ್ಞೆ ಮಾಡಿದರು. ನಾನು ಒಪ್ಪಲಿಲ್ಲ. ಒಂದು ವಾರ ಬಿಟ್ಟು, ರತ್ನಿಯ ಅಪ್ಪನನ್ನೂ ಇನ್ನಿಬ್ಬರು ತಾಯಂದಿರನ್ನೂ ಜೊತೆಗೆ ಕರೆದುಕೊಂಡು, ಇಡೀ ನಾಲ್ಕನೇ ಕ್ಲಾಸನ್ನು ಸಾಲಾಗಿ ಡ್ಯಾಮಿಗೆ ನಡೆಸಿದೆ. ನೀರು ಎಷ್ಟು ಆಳ, ಪಾಚಿ ಎಲ್ಲಿ ಜಾರುತ್ತದೆ, ಅಂಚಿನಿಂದ ಎಷ್ಟು ದೂರ ನಿಲ್ಲಬೇಕು, ದೊಡ್ಡವರಿಗೆ ಹೇಳದೆ ಯಾಕೆ ಬರಬಾರದು ಎಲ್ಲಾ ಹೇಳಿಕೊಟ್ಟೆ. ಆ ಹಾಳೆಯಲ್ಲಿದ್ದ ನಿಜ ಅಷ್ಟೇ ಆಗಿತ್ತು, ಅದನ್ನು ನಾನು ವಾಪಸ್ ಕೊಟ್ಟೆ. ಹೊಸಿಲಿನ ವಿಷಯ ಒಂದು ಮಾತೂ ಆಡಲಿಲ್ಲ.

ಆಮೇಲಿನ ಶನಿವಾರ ಗುಬ್ಬಿಗೆ ಹೊರಟವಳು ಅಲ್ಲಿ ಇಳಿಯದೆ ಪ್ಯಾಸೆಂಜರ್ ರೈಲಿನಲ್ಲಿ ಮುಂದಿನ ಸ್ಟೇಷನ್ನಿಗೆ ಹೋದೆ. ಹೌದು ಅಬ್ಬಾ, ನಿಟ್ಟೂರಿಗೆ. ನಿಮ್ಮ ಮಾತು ನಡೆಸಲು ಅಲ್ಲ. ಕಾಲುವೆಯ ದಂಡೆಯ ಮೇಲೆ ಓಡುವಾಗ ಒಂದು ವಿಷಯ ತಿಳಿದಿತ್ತು. ನಾನು ಮಾಡಿದ್ದರ ಭಾರ ನನ್ನ ತಲೆಯ ಮೇಲೆ ಇರಬೇಕು, ಇಷ್ಟು ವರ್ಷ ಅದು ನಿಮ್ಮ ಹೆಸರಿನ ಮೇಲೆ ಕೂತಿತ್ತು. ಮೇಷ್ಟ್ರು ರಿಟೈರಾಗಿ ಸ್ಕೂಲಿನ ಹಿಂದಿನ ಮನೆಯಲ್ಲೇ ಇದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ದನಿ ಹಾಗೇ ಇತ್ತು. ಗುಬ್ಬಿಯ ಬೈಂಡಿಂಗ್ ಸಾಬರ ಮಗಳು ಎಂದು ಗುರುತು ಹೇಳಿದೆ. ಕೂರು ಎಂದರು. ನಾನು ಕೂರಲಿಲ್ಲ.

"ಆ ಹಾಳೆ ಸುಟ್ಟಿದ್ದು ನಾನು" ಎಂದೆ. "ನಮ್ಮಬ್ಬಾಗೆ ಕನ್ನಡ ಓದಕ್ ಬರ್ತಿರ್ಲಿಲ್ಲ, ನಿಜ. ಆದ್ರೆ ಅವ್ರ ಕೈಯಲ್ಲಿ ಯಾವತ್ತೂ ಒಂದು ಹಾಳೆ ಕಳ್ದಿಲ್ಲ. ಅಷ್ಟು ಹೇಳಕ್ಕೆ ಬಂದೆ."

ಅವರು ಅವತ್ತು ತಾವು ಆಡಿದ ಮಾತು ಎಂದು ಶುರು ಮಾಡಿ ಅಲ್ಲಿಗೇ ನಿಲ್ಲಿಸಿದರು. ನಾನು ಅವರ ನೆರವಿಗೆ ಹೋಗಲಿಲ್ಲ, ಆ ವಾಕ್ಯವನ್ನು ಅವರೇ ಮುಗಿಸಲಿ ಎಂದು ನಿಂತೆ. "ಆ ಮಾತು ನಾನ್ ಆಡ್ಬಾರ್ದಿತ್ತು ಕಣಮ್ಮ" ಅಂದರು ಕೊನೆಗೆ. ಅದು ನಿಮಗೆ ಸೇರಬೇಕಾದದ್ದು, ತಲುಪಿಸಿದ್ದೇನೆ. ಆಮೇಲೆ ನೀವು ಕೇಳಿದ್ದನ್ನೇ ಅವರೂ ಕೇಳಿದರು, ಆ ಹಾಳೆಯಲ್ಲಿ ಏನಿತ್ತು, ತಮಗೆ ಮರೆತೇ ಹೋಗಿದೆ ಎಂದು. ನನಗೆ ಪ್ರತಿ ಅಕ್ಷರ ನೆನಪಿತ್ತು. ನನಗೂ ನೆನಪಿಲ್ಲ ಎಂದೆ. ಈ ಸುಳ್ಳಿಗೆ ಏನು ಶಿಕ್ಷೆಯೋ ಅಲ್ಲೇ ಬರೆಸಿಡಿ, ಬಂದು ಅನುಭವಿಸುತ್ತೇನೆ.

ಅವರು ನನ್ನನ್ನು ಸ್ಕೂಲಿಗೆ ಕರೆದುಕೊಂಡು ಹೋಗಿ ಬೀರು ತೆಗೆಸಿದರು. ಕೆಂಪು ಬೆನ್ನು ಮಾಸಿ ಇಟ್ಟಿಗೆಯ ಬಣ್ಣಕ್ಕೆ ಬಂದಿತ್ತು. ನೀವು ಹೊಲಿದ ಎರಡು ಜೋಡಿ ಹಾಳೆ, ಎಂಟು ಪುಟ, ಒಂದಂಗುಲವೂ ಖಾಲಿ ಇಲ್ಲ. ಮಕ್ಕಳು ಕೇಳಿದರಂತೆ, ಆಮೇಲೇನಾಯಿತು ಸಾರ್? ಮೇಷ್ಟ್ರಿಗೆ ನೀತಿ ಪೂರ್ತಿ ನೆನಪಿಗೆ ಬರದೆ, ನೀವೇ ಬರೆಯಿರಿ ಎಂದುಬಿಟ್ಟರಂತೆ. ಅಲ್ಲಿಂದ ಪ್ರತಿ ವರ್ಷದ ಮಕ್ಕಳೂ ಪೆನ್ಸಿಲಿನಲ್ಲಿ, ಸೀಮೆಎಣ್ಣೆಯ ಕಲೆಯ ಪಕ್ಕದಲ್ಲಿ, ಒಬ್ಬರ ಸಾಲಿನ ಸಂದಿಯಲ್ಲಿ ಇನ್ನೊಬ್ಬರು ಬರೆದಿದ್ದಾರೆ. ಒಬ್ಬ ಚೆನ್ನಿಗೆ ದೋಣಿ ಕೊಟ್ಟಿದ್ದಾನೆ. ಒಬ್ಬಳು ಅವಳನ್ನು ಇಂಜಿನಿಯರ್ ಮಾಡಿದ್ದಾಳೆ. ಒಂದು ಮಗು ಬರೀ ಮೀನಿನ ಚಿತ್ರ ಬಿಡಿಸಿದೆ. ಒಂದೆರಡು ಕಡೆ ಚೆನ್ನಿ ನೀರಿಗೂ ಬೀಳುತ್ತಾಳೆ, ಆದರೆ ಈಜಿಕೊಂಡು ಎದ್ದು ಬರುತ್ತಾಳೆ. ಎಂಟು ಪುಟ ಹುಡುಕಿದೆ. ಹೊಸಿಲು ದಾಟುವುದಿಲ್ಲ ಎಂದು ಅವಳಿಂದ ಆಣೆ ಮಾಡಿಸಿದ ಮಗು ಒಂದೂ ಇರಲಿಲ್ಲ.

ಈಗ ಹೇಳಿ, ತಪ್ಪು ಯಾರದು? ನಾನು ಒಂದು ಹಾಳೆ ತೆಗೆದೆ. ಜಾಗ ಬಿಟ್ಟವರು ನೀವು. ಒಳಗಡೆ ಇರುವುದು ನಮ್ಮದಲ್ಲ ಎಂದು ನೀವು ಗದರಿದಿರಿ, ನಾಲ್ಕು ಹಾಳೆ ಬಿಳಿ ಕಾಗದ ಒಳಗಡೆ ಇಟ್ಟದ್ದು ಯಾರ ಕೈ? ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿ ನಕ್ಕಿರಲ್ಲ, ಇದನ್ನು ಮೊದಲೇ ಬಲ್ಲವರ ಹಾಗೆ ನಕ್ಕಿರಾ? ಉತ್ತರ ಬರುವುದಿಲ್ಲ ಎಂದು ಗೊತ್ತು. ಆದರೂ ಇವತ್ತು ನಾನು ಗೆದ್ದೆ ಎಂದೇ ಬರೆಯುತ್ತೇನೆ. ಗೆದ್ದ ಮೇಲೂ ನಿಮ್ಮ ಎದುರು ಕೂತು ಹೇಳಲಾಗಲಿಲ್ಲವಲ್ಲ ಎಂದು ರೈಲಿನಲ್ಲಿ ಗುಬ್ಬಿಯವರೆಗೂ ಅತ್ತೆ, ಅದೂ ನಿಮಗೆ ತಿಳಿದಿರಲಿ.

ಜಾಗ ಮುಗಿದಿದೆ, ಮಕ್ಕಳು ರಟ್ಟಿನ ಮೇಲೆ ಬರೆಯಲು ಶುರು ಮಾಡಿದ್ದಾರೆ, ಇನ್ನಷ್ಟು ಹಾಳೆ ಹಾಕಿಕೊಡುತ್ತೀಯಾ ಎಂದು ಮೇಷ್ಟ್ರು ಕೇಳಿದರು. ಪುಸ್ತಕ ಈಗ ನನ್ನ ಮುಂದೆ ಇದೆ. ನಿಮ್ಮ ಹೊಲಿಗೆ ಬಿಚ್ಚಲು ನನಗೆ ಅರ್ಧ ದಿನ ಹಿಡಿಯಿತು, ಅಷ್ಟು ಬಿಗಿಯಾಗಿತ್ತು. ನಿಮ್ಮದೇ ದಬ್ಬಣದಿಂದ ಇನ್ನೂ ನಾಲ್ಕು ಜೋಡಿ ಹಾಳೆ ಸೇರಿಸಿದ್ದೇನೆ. ಬೆನ್ನಿಗೆ ಅದೇ ಕೆಂಪು. ಸೋಮವಾರ ವಾಪಸ್ ಕಳಿಸಬೇಕು, ಅದಕ್ಕೆ ಮೊದಲು ನನ್ನ ಮಕ್ಕಳಿಗೂ ಒಂದು ಪುಟ ಬೇಕೆಂದು ಕ್ಲಾಸಿಗೆ ಒಯ್ದೆ. ಪೆನ್ಸಿಲು ಮೊದಲು ಕಿತ್ತುಕೊಂಡವಳು ರತ್ನಿ, ಇನ್ಯಾರು? ನಾಲಿಗೆ ಹೊರಗಿಟ್ಟುಕೊಂಡು ನಿಧಾನವಾಗಿ ಎರಡು ಸಾಲು ಬರೆದು ಕೊಟ್ಟಳು. ನಿಮಗೆ ಓದಿ ಹೇಳುತ್ತೇನೆ, ಕೇಳಿ.

ಚೆನ್ನಿ ಮನೆಗೆ ಬಂದು ಊಟ ಮಾಡಿದಳು. ಮಾರನೇ ದಿನ ಅವಳ ಅಪ್ಪನನ್ನೂ ಕರೆದುಕೊಂಡು ಹೋದಳು.

ನಿಮ್ಮ ಹಠಮಾರಿ,
ಮುನ್ನಿ